ತಬಲಾ ಜೋಡಿ ಕುಂತಲ್ಲೇ ನುಡಿಸೋ ಎಲೆಕ್ಟ್ರಾನಿಕ್ ಸಂಗೀತ: ಮೊದಲ ಸಾಮಾನು ಏನು ತಗೋಬೇಕು?

ಕರಿ_ಒಂದು · ಧಾರವಾಡ

ನಮಸ್ಕಾರ್ರಿ. ಮೊದಲೇ ಮಾಡಿಟ್ಟ ಟ್ರ್ಯಾಕ್ ಹಚ್ಚಿ ಕೂಡೋದಲ್ಲ, ಕುಂತಲ್ಲೇ ಹುಟ್ಟಿಸಿ ನುಡಿಸೋ ಎಲೆಕ್ಟ್ರಾನಿಕ್ ಸಂಗೀತಕ್ಕ ಸಾಮಾನು ಬೇಕಾಗೇತಿ. ಜೋಡಿಗೆ ತಬಲಾ ಇರತೈತಿ, ಕರಿ ಒಂದಕ್ಕ (ಹಾರ್ಮೋನಿಯಂ ಮೊದಲನೇ ಕರಿ ಮನಿ, ಸಿ ಶಾರ್ಪ್) ಕೂಡಿಸಿದ್ದು. ಸದ್ಯ ಇರೋದು ಆಂಡ್ರಾಯ್ಡ್ ಫೋನ್, 4 ಜಿಬಿ ರ‍್ಯಾಮಿನ ಹಳೇ ಲ್ಯಾಪ್‌ಟಾಪ್, ಎಲೆಕ್ಟ್ರಾನಿಕ್ ತಂಬೂರಿ ಪೆಟ್ಟಿಗಿ. ಬಜೆಟ್ 15 ಸಾವಿರ, ವೈರು ಅಡಾಪ್ಟರ್ ಎಲ್ಲಾ ಹಿಡದು. ಒಂದು ಡ್ರಮ್ ಮಷೀನ್ (ತಾನ ತಾಳ ಬಾರಿಸೋದು), ಒಂದು ಸಣ್ಣ ಸಿಂಥ್ (ಕರೆಂಟಿನಿಂದ ಸ್ವರ ಹುಟ್ಟಿಸೋದು) ಅಂತ ವಿಚಾರ ಐತಿ. ಬರೋಬ್ಬರಿ ಐತೋ ಇಲ್ಲೋ ಹೇಳ್ರಿ.

ಉಣಕಲ್_ಅಲೆ · ಹುಬ್ಬಳ್ಳಿ

ಡ್ರಮ್ ಮಷೀನ್ ಮೊದಲ ಪಟ್ಟಿಯಿಂದ ತಗದ್ಹಾಕ್ರಿ. ಮಗ್ಗಲಕ್ಕ ತಬಲಾ ಕುಂತೈತಿ ಅಂದಮ್ಯಾಲ ಲಯ ಅವರ ಕೈಯಾಗ. ಮಧ್ಯಲಯ ದ್ರುತಕ್ಕ ಏರಾಕತ್ತಿದಾಗ ಮಷೀನ್ ತನ್ನ ಬಿಪಿಎಂ (ನಿಮಿಷಕ್ಕ ಎಷ್ಟು ಬೀಟ್) ಬಿಟ್ಟು ಒಂದು ಕೂದಲೆಳಿ ಸರಿಯಂಗಿಲ್ಲ. ಇಬ್ಬರೊಳಗ ಒಬ್ಬರು ಸೋಲಬೇಕಾಗತೈತಿ, ಸೋಲೋರು ಯಾವಾಗಲೂ ಮನಶ್ಯಾರ.

ಯಾವ ಸಾಮಾನು ನೋಡಿದರೂ ಅಂಗಡ್ಯಾಗ ಎರಡ ಪ್ರಶ್ನೆ ಕೇಳ್ರಿ. ಸದ್ದು ನಿಲ್ಲಿಸದ ಇದನ್ನ ಬದಲಸಾಕ ಬರತೈತೇನು? ಬದಲಸಿ ಕೆಟ್ಟಮ್ಯಾಲ ತಾಳದ ಮೊದಲ ಮಾತ್ರೆ, ಅಂದರ ಸಮ್‌ಗೆ ಹೊಳ್ಳಿ ಬರಾಕ ಹಾದಿ ಐತೇನು? ಪ್ಯಾಟರ್ನ್ ಸೇವ್ ಮಾಡೋವಾಗ ಅರ್ಧ ಸೆಕೆಂಡ್ ಸುಮ್ಮನಾಗೋ ಮಷೀನು ಮನಿಯಾಗ ಟ್ರ್ಯಾಕ್ ಮಾಡಾಕ ಛಲೋ, ಕುಂತಲ್ಲೇ ನುಡಿಸಾಕಲ್ಲ. ಮೆನು ಮೂರು ಮನಿ ಒಳಗ ಹೋದರ ಫಿಲ್ಟರ್ (ಸದ್ದು ಸೋಸೋದು) ಸಿಗೋ ಮಷೀನೂ ಅಷ್ಟ. ಕೈ ನಾಬಿನ ಮ್ಯಾಲ, ಕಣ್ಣು ತಬಲಜಿ ಮ್ಯಾಲ ಇರಬೇಕು.

ಅದಕ್ಕ ಮೊದಲನೇದು ಕ್ಲಾಕೇ (ತನ್ನದೇ ಲಯ ಎಣಿಸೋದು) ಇಲ್ಲದ ಸಾಮಾನು ತಗೋರಿ. ಕೋರ್ಗ್ ಮಾನೋಟ್ರಾನ್ ಡಿಲೇ ನೋಡ್ರಿ, ಡಿಲೇ ಅಂದರ ಮರುದನಿ ಇರೋ ಸಣ್ಣ ಸಿಂಥ್. ಅಂಗೈ ಅಗಲ, ಎರಡು ಎಎಎ ಸೆಲ್, ಮುಂದ ಐದು ನಾಬ್, ಹಿಂದ 3.5 ಮಿಲಿಮೀಟರಿನ ಆಕ್ಸ್ ಇನ್ (ಹೊರಗಿನ ಸದ್ದು ಒಳಗ ತಗೊಳ್ಳೋ ತೂತು). ನಿಮ್ಮ ತಂಬೂರಿ ಪೆಟ್ಟಿಗಿ ಹೆಡ್‌ಫೋನ್ ತೂತಿನಿಂದ ಒಂದು ವೈರ್ ತಂದು ಈ ಆಕ್ಸಿಗೆ ಕೊಡ್ರಿ, ಅಲ್ಲಿಂದ ಸ್ಪೀಕರಿಗೆ. ಕಟಾಫ್ (ಫಿಲ್ಟರ್ ತೆರಿಯೋ ನಾಬ್) ಪೂರಾ ಎಡಕ್ಕ ಹಚ್ಚಿ ಸುರು ಮಾಡ್ರಿ, ತಂಬೂರಿ ಗ್ವಾಡಿ ಆಚೆ ಬಾರಿಸಿದಂಗ ಕೇಳತೈತಿ. ಆವರ್ತನಕ್ಕ ಸ್ವಲ್ಪ ಸ್ವಲ್ಪ ತೆರಕೋತ ಬಂದರ ಒಂದೊಂದ ಅನುನಾದ (ಸ್ವರದೊಳಗ ಅಡಗಿದ ಮ್ಯಾಲಿನ ಸ್ವರ) ಎದ್ದು ಬರತಾವ. ಅಷ್ಟ ಒಂದು ಆಲಾಪಕ್ಕ ಸಾಕಾಗೋವಷ್ಟು ಸಾಮಗ್ರಿ.

ಫೀಡ್‌ಬ್ಯಾಕ್ ನಾಬ್ ಒಂದೀಟು ಜ್ವಾಕಿ. ಮುಕ್ಕಾಲು ದಾಟಿಸಿದರ ಮರುದನಿ ಕಡಿಮಿ ಆಗೋದು ಬಿಟ್ಟು ತನ್ನಷ್ಟಕ್ಕ ತಾನ ಬೆಳಕೋತ ಹೋಗತೈತಿ. ಆಗ ಗಾಬರಿ ಆಗಿ ವಾಲ್ಯೂಮ್ ಇಳಸಬ್ಯಾಡ್ರಿ, ಒಳಗ ಅದು ಸುತ್ತತಾನ ಇರತೈತಿ, ವಾಲ್ಯೂಮ್ ಏರಿಸಿದ ಕೂಡಲೇ ಹೊಳ್ಳಿ ಬರತೈತಿ. ಫೀಡ್‌ಬ್ಯಾಕನ್ನ ಅರ್ಧಕ್ಕ ತಂದು ಎರಡ ಮಾತ್ರೆ ಕಾಯ್ರಿ. ಇನ್ನ ಅದರ ರಿಬ್ಬನ್ ಪಟ್ಟಿ ಮ್ಯಾಲ ಸ್ವರದ ಗುರ್ತಿಲ್ಲ, ಸಾ ಹಿಡಿಯೋದು ತ್ರಾಸಿನ ಕೆಲಸ. ಅದನ್ನ ರಾಗಕ್ಕ ಅಂತ ತಗೋಬ್ಯಾಡ್ರಿ, ಬಣ್ಣಕ್ಕ ಅಂತ ತಗೋರಿ. ಸರ್ರ್ ಅನ್ನೋ ಸದ್ದು ಇರೋದ, ಆ ಬೆಲೆಗೆ ಅದು ಬಂದ ಬರತೈತಿ.

ಹದಿನಾರು_ಮಾತ್ರೆ · ಧಾರವಾಡ

ಅಕ್ಕಾರ ಹೇಳಿದ್ದರಲ್ಲಿ ಅರ್ಧ ಒಪ್ಪುತ್ತೇನೆ. ಡ್ರಮ್ ಮಷೀನ್ ಬೇಡ ಎಂಬುದು ಸರಿ. ಆದರೆ ಸೀಕ್ವೆನ್ಸರ್ (ಸ್ವರಗಳನ್ನು ಹೆಜ್ಜೆ ಹೆಜ್ಜೆಯಾಗಿ ಹಾಕಿಟ್ಟು ಸುತ್ತಿಸುವುದು) ಬೇಡ ಎನ್ನಬೇಡಿ. ತಬಲಜಿ ಸೋಲೋ ಎತ್ತಿಕೊಂಡಾಗ ಲೆಹರಾ (ತಾಳದ ಸುತ್ತು ತೋರಿಸುತ್ತ ಮತ್ತೆ ಮತ್ತೆ ಬರುವ ಧುನ್) ಹಿಡಿಯುವವರು ಯಾರು? ಆ ಕೆಲಸಕ್ಕೆ ಯಂತ್ರದಷ್ಟು ನಿಷ್ಠಾವಂತರು ಇಲ್ಲ.

ಕೋರ್ಗ್ ಕಂಪನಿಯದೇ ವೋಲ್ಕಾ ಕೀಸ್ ನೋಡಿ. 2013ರಲ್ಲಿ ಬಂದದ್ದು, ಮೂರು ಧ್ವನಿಯ ಅನಲಾಗ್ ಸಿಂಥ್, 27 ಸ್ಪರ್ಶದ ಕೀಲಿ, ಆರು ಎಎ ಸೆಲ್. ಸೀಕ್ವೆನ್ಸರಿನಲ್ಲಿ 16 ಹೆಜ್ಜೆ, ಅಂದರೆ ತೀನ್‌ತಾಲ್ ಏನೂ ಮಾಡದೆಯೇ ಕೂತುಕೊಳ್ಳುತ್ತದೆ. ಎಲ್ಲರೂ ಎಡವುವುದು ಲಯದಲ್ಲಿ. ಯಂತ್ರದ ಒಂದು ಹೆಜ್ಜೆ ಎಂದರೆ ಒಂದು ಬೀಟಿನ ಕಾಲು ಭಾಗ. 120 ಬಿಪಿಎಂ ಇಟ್ಟರೆ ಹೆಜ್ಜೆಗೆ 125 ಮಿಲಿಸೆಕೆಂಡ್. ಹೆಜ್ಜೆಯನ್ನೇ ಮಾತ್ರೆ ಎಂದುಕೊಂಡರೆ ನಿಮಿಷಕ್ಕೆ 480 ಮಾತ್ರೆ, ಯಾವ ತಬಲಜಿಯ ಕೈಗೂ ಠೇಕಾ (ತಾಳದ ಮೂಲ ಬೋಲು) ನಿಲುಕದು. ಕೀಸ್‌ನಲ್ಲಿ ಟೆಂಪೋ ಭಾಗಿಸುವ ಸೌಲಭ್ಯ ಇದೆ: ಪೂರ್ತಿ, ಅರ್ಧ, ಕಾಲು. ಕಾಲು ಆರಿಸಿಕೊಂಡರೆ ಅದೇ 120ಕ್ಕೆ ಹೆಜ್ಜೆಗೆ 500 ಮಿಲಿಸೆಕೆಂಡ್, ನಿಮಿಷಕ್ಕೆ 120 ಮಾತ್ರೆ. ಈಗ ಬಿಪಿಎಂ ಅಂಕಿಯೂ ಮಾತ್ರೆಯ ಅಂಕಿಯೂ ಒಂದೇ. ಆವರ್ತನಕ್ಕೆ ಒಂದೆರಡು ಬಿಪಿಎಂ ಕೈಯಿಂದ ಏರಿಸುತ್ತ ಹೋದರೆ ಲಯ ಬೆಳೆದಂತೆಯೇ ಕೇಳುತ್ತದೆ, ಯಂತ್ರದ ಹಟ ಗೊತ್ತಾಗುವುದಿಲ್ಲ.

ಹತ್ತು ಮಾತ್ರೆಯ ಝಪ್‌ತಾಲ್ ಬೇಕೆಂದರೆ ಆಕ್ಟಿವ್ ಸ್ಟೆಪ್‌ಗೆ ಹೋಗಿ 11ರಿಂದ 16ರವರೆಗಿನ ದೀಪ ಆರಿಸಿ. ಆರಿದ ಹೆಜ್ಜೆ ಮೌನವಾಗುವುದಿಲ್ಲ, ಲೆಕ್ಕದಿಂದಲೇ ಹೊರಗೆ ಹೋಗುತ್ತದೆ, ಹತ್ತು ಮುಗಿದೊಡನೆ ಸಮ್ ಬರುತ್ತದೆ. ರೂಪಕಕ್ಕೆ ಏಳು ಉಳಿಸಿ. ನುಡಿಸುತ್ತಿರುವಾಗಲೇ ಇದನ್ನು ಮಾಡಬಹುದು. ತೀನ್‌ತಾಲ್‌ನಲ್ಲಿ ನಡೆದಿರುವ ಲೆಹರಾದಿಂದ ಒಂದು ಹೆಜ್ಜೆ ಕಿತ್ತು ಹಾಕಿದರೆ ಸಮ್ ಪ್ರತಿ ಸುತ್ತಿಗೂ ಒಂದು ಮಾತ್ರೆ ಹಿಂದೆ ಸರಿಯುತ್ತದೆ, ಹದಿನಾರು ಸುತ್ತಿಗೆ ಮತ್ತೆ ಕೂಡುತ್ತದೆ. ತಬಲಜಿಗೆ ಮೊದಲೇ ಹೇಳಿಟ್ಟು ಮಾಡಿ, ಇಲ್ಲದಿದ್ದರೆ ಜಗಳ.

ಹೊಳ್ಳಿ ಬರುವ ಹಾದಿಯ ವಿಷಯ: ಎಂಟು ಪ್ಯಾಟರ್ನ್ ಉಳಿಸಬಹುದು. ಎಷ್ಟೇ ಕೆಡಿಸಿದರೂ ಮೆಮೊರಿ ಒತ್ತಿ ಅದೇ ನಂಬರ್ ಒತ್ತಿದರೆ ಮೂಲ ಲೆಹರಾ ವಾಪಸ್. ಆದರೆ ನಾಬಿನ ಸ್ಥಾನ ಉಳಿಯುವುದಿಲ್ಲ! ಫಿಲ್ಟರ್ ಎಲ್ಲಿ ಬಿಟ್ಟಿದ್ದೀರೋ ಅಲ್ಲೇ ಇರುತ್ತದೆ. ಕಟಾಫ್, ಡಿಲೇ, ಎನ್ವಲಪ್ (ಸದ್ದು ಏರಿ ಇಳಿಯುವ ರೀತಿ) ನಾಬುಗಳ ಪಕ್ಕ ಮೂಲ ಸ್ಥಾನಕ್ಕೆ ಒಂದೊಂದು ಟಿಕಳಿ ಹಚ್ಚಿಬಿಡಿ. ಸಣ್ಣ ಕೆಂಪು ಟಿಕಳಿ ಕತ್ತಲಲ್ಲಿ ಕಾಣುವುದಿಲ್ಲ, ಬಿಳಿ ಹರಳಿನದು ಕೈಗೂ ಹತ್ತುತ್ತದೆ.

ಉಣಕಲ್_ಅಲೆ · ಹುಬ್ಬಳ್ಳಿ

ಟಿಕಳಿ ಐಡಿಯಾಕ್ಕ ನಮಸ್ಕಾರ್ರಿ ಸರ. ಲೆಹರಾ ಮಾತು ಒಪ್ಪಿದೆ. ಆದರ ಹೊಸಾ ವೋಲ್ಕಾ ತಗೊಂಡರ ಇವರ 15 ಸಾವಿರ ಹೆಚ್ಚುಕಡಿಮಿ ಅಲ್ಲೇ ಮುಗೀತಲ್ಲ. ವೈರಿಗೆ ಏನು ಉಳೀತು?

ಮೈಕ್‌ಸೆಟ್_ಹಾವೇರಿ

ಅದ ಮಾತು. ಎಲ್ಲಾರೂ ಸಿಂಥ್ ಬಗ್ಗೆ ಬರೀತಾರ, ಹೊರಗ ಬರೋ ಹಾದಿ ಬಗ್ಗೆ ಯಾರೂ ಬರಿಯಂಗಿಲ್ಲ. ಕಾರ್ಯಕ್ರಮದಾಗ ಕೆಡೋದು ಹತ್ತಕ್ಕ ಎಂಟು ಸಲ ವೈರಿನ ಕಡೆ.

ಈ ಸಣ್ಣ ಮಷೀನ್ ಎಲ್ಲಾದರಾಗೂ ಔಟ್ ಅಂದರ 3.5 ಮಿಲಿಮೀಟರಿನ ಹೆಡ್‌ಫೋನ್ ತೂತು. ಮಿಕ್ಸರಿನ್ಯಾಗ 6.35ರ ದೊಡ್ಡ ತೂತು. ಅಂಗಡ್ಯಾವ "ಇದ ಸರ್, ಸಣ್ಣದರಿಂದ ದೊಡ್ಡದು" ಅಂತ ಎರಡೂ ಕಡೆ ಮೂರು ಪಟ್ಟಿ ಇರೋ ಒಂದ ವೈರ್ ಕೊಡತಾನ. ಅದನ್ನ ಬ್ಯಾಲೆನ್ಸ್ಡ್ ಇನ್‌ಪುಟ್‌ಗೆ ಹಾಕಿದರ ಸದ್ದು ಬರಂಗಿಲ್ಲ, ಬಂದರೂ ಡಬ್ಬಿಯೊಳಗ ಮಾತಾಡಿದಂಗ. ಯಾಕಂದ್ರ ಬ್ಯಾಲೆನ್ಸ್ಡ್ ಇನ್‌ಪುಟ್ ಮೊದಲ ಪಟ್ಟಿಯಿಂದ ಎರಡನೇ ಪಟ್ಟಿ ಕಳೀತೈತಿ. ವೋಲ್ಕಾದಂಥದ್ದು ಎಡಕ್ಕೂ ಬಲಕ್ಕೂ ಒಂದ ಮೋನೋ ಸದ್ದು ಕೊಡತೈತಿ, ಒಂದರಾಗ ಒಂದು ಕಳದರ ಸೊನ್ನೆ. ಮಂದಿ ಮಷೀನ್ ಸುಟ್ಟಿತು ಅಂತ ತಿಳ್ಕೊಂಡು ಹೊಳ್ಳಿ ಕೊಡಾಕ ಹೋಗತಾರ. ನೀವು ಕೇಳಬೇಕಾದದ್ದು: ಒಂದು ಕಡೆ 3.5 ಸ್ಟೀರಿಯೋ, ಇನ್ನೊಂದು ಕಡೆ ಎರಡು ಬ್ಯಾರೆ ಬ್ಯಾರೆ 6.35 ಮೋನೋ. ಮೋನೋ ಮಷೀನಿದ್ದರ ಎರಡರಾಗ ಒಂದ ಹಾಕ್ರಿ, ಇನ್ನೊಂದು ಜೋತಾಡಲಿ.

ಅಡಾಪ್ಟರ್. ವೋಲ್ಕಾಕ್ಕ 9 ವೋಲ್ಟ್, ನಡುವ ಪಾಸಿಟಿವ್. ಗಿಟಾರ್ ಪೆಡಲಿನ ಅಡಾಪ್ಟರೂ 9 ವೋಲ್ಟ, ಆದರ ನಡುವ ನೆಗೆಟಿವ್. ಪಿನ್ನಿನ ಅಳತಿನೂ ಬ್ಯಾರೆ, ತಾನಾಗಿ ಹೋಗಂಗಿಲ್ಲ, ಆದರ ಎಂಟು ತಲಿ ಇರೋ ಯೂನಿವರ್ಸಲ್ ಅಡಾಪ್ಟರ್ ತಂದು ಉಲ್ಟಾ ಹಾಕೋರು ಭಾಳ ಅದಾರ. ಅಡಾಪ್ಟರ್ ಮ್ಯಾಲಿನ ಸಣ್ಣ ಚಿತ್ರ ನೋಡ್ರಿ, ನಡುವಿನ ಚುಕ್ಕಿಗೆ ಪ್ಲಸ್ ಗುರ್ತು ಕೂಡಿರಬೇಕು. ಖರೇ ಹೇಳಬೇಕಂದ್ರ ಮೊದಲನೇ ವರ್ಷ ಅಡಾಪ್ಟರೇ ಬ್ಯಾಡ. ಆರು ಸೆಲ್ಲಿನ ಮ್ಯಾಲ ನಡಸ್ರಿ. ಕರೆಂಟ್ ಹೋದರೂ ನಡೀತೈತಿ, ಗುಂಯ್ ಅನ್ನೋ ಸದ್ದೂ ಇಲ್ಲ.

ಗುಂಯ್ ಬರೋದು ಲ್ಯಾಪ್‌ಟಾಪ್ ಸೇರಿದಾಗ. ಲ್ಯಾಪ್‌ಟಾಪ್ ಚಾರ್ಜರ್ ಒಂದು ಬೋರ್ಡಿನ್ಯಾಗ, ಮಿಕ್ಸರ್ ಇನ್ನೊಂದು ಗ್ವಾಡಿ ಬೋರ್ಡಿನ್ಯಾಗ ಇದ್ದರ ಎರಡು ಅರ್ಥಿಂಗ್ ನಡುವ ಆಡಿಯೋ ವೈರೇ ಸೇತುವಿ ಆಗತೈತಿ. ಮೊದಲ ಚಾರ್ಜರ್ ಕಿತ್ತು ಬ್ಯಾಟರಿ ಮ್ಯಾಲ ನೋಡ್ರಿ. ನಿಂತರ ರೋಗ ಗೊತ್ತಾತು. ಎಲ್ಲಾ ಒಂದ ಎಕ್ಸ್‌ಟೆನ್ಷನ್ ಬೋರ್ಡಿಗೆ ತಗೋರಿ, ಆಗಲಿಲ್ಲಂದ್ರ ಟ್ರಾನ್ಸ್‌ಫಾರ್ಮರ್ ಇರೋ ಡಿಐ ಬಾಕ್ಸ್ (ಎರಡು ಕಡೆ ಅರ್ಥಿಂಗ್ ಬಿಡಿಸೋ ಪೆಟ್ಟಿಗಿ) ನಡುವ ಹಾಕ್ರಿ. ಮೂರು ಪಿನ್ನಿನ ಪ್ಲಗ್ಗಿಂದ ಅರ್ಥ್ ಪಿನ್ ಮುರಿಯೋ ಜಾಣತನ ಮಾತ್ರ ಮಾಡಬ್ಯಾಡ್ರಿ. ಸದ್ದು ನಿಲ್ಲತೈತಿ ಖರೆ, ಮುಂದೊಂದಿನ ಮೈಕ್ ಮುಟ್ಟಿದವರ ಕೈಗೆ ಶಾಕ್ ಹೊಡೀತೈತಿ.

ಕರಿ_ಒಂದು · ಧಾರವಾಡ

ಭಾಳ ಉಪಕಾರ ಆತ್ರಿ ಎಲ್ಲಾರದೂ. ಡ್ರಮ್ ಮಷೀನ್ ಬಿಟ್ಟೆ. ಒಂದು ಸಂಶಯ: ಲ್ಯಾಪ್‌ಟಾಪ್, ಫೋನ್ ಹೆಂಗೂ ಅದಾವಲ್ಲ, ಅದರಾಗ ಸುರು ಮಾಡಿದರ ಆಗಂಗಿಲ್ಲೇನು? ಇನ್ನೊಂದು, ವೋಲ್ಕಾದಂಥದ್ದು ಹಾರ್ಮೋನಿಯಂ ಹಂಗ ಪಕ್ಕಾ ಸ್ವರ ಕೊಡತೈತಲ್ಲ, ತಂಬೂರಿ ಜೋಡಿ ಗಾಂಧಾರ ಕೂಡತೈತೇನು?

ಸ್ವರಾಂತರ · ಧಾರವಾಡ

ಎರಡನೆಯ ಪ್ರಶ್ನೆ ಮೊದಲು, ಏಕೆಂದರೆ ಸಿಂಥ್ ಕೊಳ್ಳುವ ಮುನ್ನ ಅದನ್ನು ಕೇಳುವವರು ಅಪರೂಪ. ಕೂಡುವುದಿಲ್ಲ. ಸಮಭಾಗದ ಟ್ಯೂನಿಂಗ್‌ನಲ್ಲಿ ಶುದ್ಧ ಗಾಂಧಾರ ಸಾದಿಂದ 400 ಸೆಂಟ್ (ಸಪ್ತಕಕ್ಕೆ 1200 ಸೆಂಟ್) ದೂರ. ತಂಬೂರಿಯ ತಂತಿಯೊಳಗೆ ತಾನಾಗಿ ಕೇಳುವ ಗಾಂಧಾರ 5/4, ಅಂದರೆ 386 ಸೆಂಟ್. ಹದಿನಾಲ್ಕು ಸೆಂಟ್ ಕಡಿಮೆ ಎನಿಸಬಹುದು, ಆದರೆ ಕರಿ ಒಂದರ ಮಂದ್ರದ ಕಡೆಯ ಸಾ 138.59 ಹರ್ಟ್ಸ್ ಎಂದು ಹಿಡಿಯಿರಿ. ಅದರ ಐದನೇ ಅನುನಾದ 693 ಹರ್ಟ್ಸ್ ಹತ್ತಿರ. ಸಿಂಥ್ ಕೊಡುವ ಗಾಂಧಾರ 174.61, ಅದರ ನಾಲ್ಕನೇ ಅನುನಾದ 698 ದಾಟುತ್ತದೆ. ನಡುವೆ ಸೆಕೆಂಡಿಗೆ ಐದಾರು ಸಲ ಅಲುಗಾಟ. ಉದ್ದ ಹಿಡಿದ ಸ್ವರದಲ್ಲಿ ಅದು ಹಲ್ಲಿಗೆ ಸಿಕ್ಕ ನುಚ್ಚಿನಂತೆ ಕಾಡುತ್ತದೆ. ಧೈವತ 16 ಸೆಂಟ್, ನಿಷಾದ 12 ಸೆಂಟ್ ಇದೇ ಕಥೆ. ಪಂಚಮ ಎರಡೇ ಸೆಂಟ್, ಚಿಂತೆ ಇಲ್ಲ.

ಮೂರು ದಾರಿ ಇವೆ. ಉದ್ದ ಹಿಡಿಯುವುದನ್ನು ಸಾ, ಪ, ಮಗಳಿಗೆ ಬಿಟ್ಟು ಗ, ಧ, ನಿಗಳನ್ನು ಹಾದುಹೋಗುವುದು. ವೋಲ್ಕಾ ಕೀಸ್‌ನ ಫಿಫ್ತ್ ಮೋಡ್‌ನಲ್ಲಿ ಒಂದೇ ಕೀಲಿಗೆ ಸಾ-ಪ ಸಿಗುತ್ತದೆ, ಅದಷ್ಟನ್ನೇ ನೆಚ್ಚಿಕೊಳ್ಳುವುದು. ಇಲ್ಲವೇ ಶ್ರುತಿ ಬದಲಿಸಲು ಬರುವ ಸಿಂಥ್ ಬಳಸುವುದು. ಇಲ್ಲಿ ನಿಮ್ಮ ಲ್ಯಾಪ್‌ಟಾಪ್ ಕೆಲಸಕ್ಕೆ ಬರುತ್ತದೆ. ಸರ್ಜ್ ಎಕ್ಸ್‌ಟಿ ಎಂಬ ಸಾಫ್ಟ್‌ವೇರ್ ಸಿಂಥ್ ಪೂರ್ತಿ ಉಚಿತ, ಸ್ಕಾಲಾ ಫೈಲ್ (ಶ್ರುತಿಯ ಪಟ್ಟಿ) ಓದುತ್ತದೆ. ನೋಟ್‌ಪ್ಯಾಡಿನಲ್ಲಿ ಒಂದು ಸಾಲು ವಿವರಣೆ, ಮುಂದಿನ ಸಾಲಿನಲ್ಲಿ 12, ಆಮೇಲೆ ಸಾಲಿಗೊಂದರಂತೆ ಇವನ್ನು ಬರೆದು ಎಸ್‌ಸಿಎಲ್ ಎಂಬ ಬಾಲ ಕೊಟ್ಟು ಉಳಿಸಿ:

16/15
9/8
6/5
5/4
4/3
45/32
3/2
8/5
5/3
9/5
15/8
2/1

ಸಾ ಬರೆಯಬಾರದು, ಅದು 1/1 ಎಂದು ತಾನೇ ತಿಳಿದುಕೊಳ್ಳುತ್ತದೆ. ಬರೆದರೆ ಹದಿಮೂರು ಸ್ವರವಾಗಿ ಪ್ರತಿ ಸಪ್ತಕವೂ ಒಂದು ಕೀಲಿ ಸರಿಯುತ್ತದೆ. ಹೆಚ್ಚಿನವರು ಇಲ್ಲೇ ತಪ್ಪುತ್ತಾರೆ. ಇನ್ನೊಂದು ತಪ್ಪು: ಫೈಲ್ ಹಾಕಿ, ಮೂಲ ಕೀಲಿ ಬದಲಿಸದೆ ಬಿಡುವುದು. ಹಾಗೆ ಬಿಟ್ಟರೆ ಬಿಳಿ ಒಂದು (ಸಿ) ಸಾ ಆಗುತ್ತದೆ, ನೀವು ಕರಿ ಒಂದರಿಂದ ನುಡಿಸಿದರೆ ಎಲ್ಲ ಅಂತರ ಅಡ್ಡಾದಿಡ್ಡಿ. ಕೀಬೋರ್ಡ್ ಮ್ಯಾಪಿಂಗ್‌ನಲ್ಲಿ ಮೂಲ ಕೀಲಿ 61 (ಕರಿ ಒಂದರ ಕ್ರಮಾಂಕ), ಅದರ ಕಂಪನ 277.18 ಎಂದು ಕೊಡಿ. ತಂಬೂರಿ ಪೆಟ್ಟಿಗೆ ಸ್ವಲ್ಪ ಏರಿಳಿತದಲ್ಲಿದ್ದರೆ ಈ ಅಂಕಿಯನ್ನೇ ತಿದ್ದಿ ಕೂಡಿಸಬಹುದು.

ಈಗ ವಿಳಂಬ, ಅಂದರೆ ಲೇಟೆನ್ಸಿ. ಬಫರ್ (ಒಮ್ಮೆಗೆ ಕಳಿಸುವ ಸ್ಯಾಂಪಲ್‌ಗಳ ಗಂಟು) 256, ಸ್ಯಾಂಪಲ್ ರೇಟ್ (ಸೆಕೆಂಡಿಗೆ ಎಷ್ಟು ಸ್ಯಾಂಪಲ್) 48,000 ಇಟ್ಟರೆ ಒಂದು ಬಫರಿಗೆ 5.3 ಮಿಲಿಸೆಕೆಂಡ್. 512ಕ್ಕೆ 10.7, 1024ಕ್ಕೆ 21.3. ಇದರ ಮೇಲೆ ಡ್ರೈವರ್, ಕನ್ವರ್ಟರ್ ತಮ್ಮ ಪಾಲು ಸೇರಿಸುತ್ತವೆ. 256ರಲ್ಲಿ ಚಟಪಟ ಎಂದರೆ 512ಕ್ಕೆ ಹೋಗಿ, ಅದಕ್ಕಿಂತ ಮೇಲೆ ಬೇಡ. ವಿಂಡೋಸ್‌ನಲ್ಲಿ ಆಡಿಯೋ ಇಂಟರ್ಫೇಸ್ ಇಲ್ಲದಿದ್ದರೆ ಎಎಸ್‌ಐಓ4ಆಲ್ ಎಂಬ ಡ್ರೈವರ್ ಹಾಕಿಕೊಳ್ಳಿ, ವೈಫೈ ಆರಿಸಿ, ಪವರ್ ಪ್ಲಾನ್ ಹೈ ಪರ್ಫಾರ್ಮೆನ್ಸ್ ಇಡಿ. 4 ಜಿಬಿಯಲ್ಲಿ ಸರ್ಜ್ ಒಂದೇ ಆದರೆ ನಡೆಯುತ್ತದೆ. ವಿಸಿವಿ ರ‍್ಯಾಕ್ ಎಂಬ ಸಾಫ್ಟ್‌ವೇರ್ ಸಿಂಥ್ ಬಹಳ ಆಸೆ ಹುಟ್ಟಿಸುತ್ತದೆ, ಆದರೆ ಗ್ರಾಫಿಕ್ಸ್ ಬೇಡುತ್ತದೆ, ಹಳೆ ಯಂತ್ರದಲ್ಲಿ ಅದಕ್ಕೆ ಕೈ ಹಾಕಬೇಡಿ. ಸನ್‌ವಾಕ್ಸ್ (ಸಿಂಥ್, ಸೀಕ್ವೆನ್ಸರ್ ಎರಡೂ ಇರುವ ಸಾಫ್ಟ್‌ವೇರ್) ಮಾತ್ರ ಎಂಥ ಮುದಿ ಯಂತ್ರದಲ್ಲೂ ಓಡುತ್ತದೆ, ಕಂಪ್ಯೂಟರಿಗೆ ಉಚಿತ, ಪ್ಯಾಟರ್ನಿನ ಉದ್ದ ನಿಮ್ಮಿಷ್ಟ.

ಬ್ಲೂಟೂತ್ ಹೆಡ್‌ಫೋನ್, ಬ್ಲೂಟೂತ್ ಸ್ಪೀಕರ್ ಎರಡನ್ನೂ ಮರೆತುಬಿಡಿ. ಅಲ್ಲಿ ವಿಳಂಬ ಸಾಮಾನ್ಯವಾಗಿ 100 ಮಿಲಿಸೆಕೆಂಡ್ ದಾಟುತ್ತದೆ. ದ್ರುತ್ ತೀನ್‌ತಾಲ್ ನಿಮಿಷಕ್ಕೆ 240 ಮಾತ್ರೆಯಲ್ಲಿದ್ದರೆ ಒಂದು ಮಾತ್ರೆ 250 ಮಿಲಿಸೆಕೆಂಡ್. ಅರ್ಧ ಮಾತ್ರೆ ತಡವಾಗಿ ಬರುವ ಲೆಹರಾ ಯಾರಿಗೆ ಬೇಕು?

ಹದಿನಾರು_ಮಾತ್ರೆ · ಧಾರವಾಡ

ಸ್ವರಾಂತರ ಅವರ ಲೆಕ್ಕಕ್ಕೆ ತಕರಾರಿಲ್ಲ, ಆದರೆ ಹೊಸಬರನ್ನು ಇಷ್ಟು ಹೆದರಿಸಬೇಕೇ? 1982ರಲ್ಲಿ ಮುಂಬೈನಲ್ಲಿ ಸಂಗೀತಗಾರ ಚರಣಜಿತ್ ಸಿಂಗ್ ರೋಲ್ಯಾಂಡಿನ ಜುಪಿಟರ್-8, ಟಿಬಿ-303 ಸಿಂಥ್, ಟಿಆರ್-808 ಡ್ರಮ್ ಮಷೀನ್ ಇಟ್ಟುಕೊಂಡು ರಾಗಗಳನ್ನೇ ನುಡಿಸಿದರು. ಯಾವುದಕ್ಕೂ ಸ್ಕಾಲಾ ಫೈಲ್ ಇರಲಿಲ್ಲ. ಸ್ವರದಿಂದ ಸ್ವರಕ್ಕೆ ಜಾರಿದರೆ ಕಿವಿ ಸೆಂಟ್ ಎಣಿಸುವುದಿಲ್ಲ.

ಸ್ವರಾಂತರ · ಧಾರವಾಡ

ಜಾರಿದರೆ, ಹೌದು. ನಿಂತರೆ? ಚರಣಜಿತ್ ಸಿಂಗ್ ಅವರಲ್ಲಿ ಡಿಸ್ಕೋ ಲಯ ಓಡುತ್ತಿತ್ತು. ಇವರ ಹತ್ತಿರ ತಂಬೂರಿ ಪೆಟ್ಟಿಗೆ ಇದೆ, ಊರು ಧಾರವಾಡ, ಎದುರಿಗೆ ಕೂರುವವರ ಕಿವಿ ಗಾಯಕರಾದ ಮಲ್ಲಿಕಾರ್ಜುನ ಮನ್ಸೂರರನ್ನೂ ಬಸವರಾಜ ರಾಜಗುರುಗಳನ್ನೂ ಕೇಳಿ ಬೆಳೆದದ್ದು. ಗಾಂಧಾರ ಏರಿದರೆ ಎದ್ದು ಹೋಗದಿದ್ದರೂ ಎಲೆ ಅಡಿಕೆ ತೆಗೆಯುತ್ತಾರೆ.

ಉಣಕಲ್_ಅಲೆ · ಹುಬ್ಬಳ್ಳಿ

😄 ಇಬ್ಬರದೂ ಖರೆ ಐತಿ. ಅನಲಾಗಿನಾಗ ಇನ್ನೊಂದು ಮಾತು ಬಿಟ್ಟೀರಿ. ವೋಲ್ಕಾ ಹಚ್ಚಿದ ಕೂಡಲೇ ಶ್ರುತಿ ನಿಲ್ಲಂಗಿಲ್ಲ. ಬ್ಯಾಸಗ್ಯಾಗ ಫ್ಯಾನ್ ಕೆಳಗ, ಬಿಸಲ ಕಿಟಕಿ ಮಗ್ಗಲ ಇಟ್ಟರ ಸ್ವರ ಸರಿಯತಾವ. ತಬಲಾ ಕೂಡಿಸೋ ಮೊದಲ ಹತ್ತು ಹದಿನೈದು ನಿಮಿಷ ಹಚ್ಚಿಟ್ಟು ಬಿಡ್ರಿ, ಆಮ್ಯಾಲ ತಂಬೂರಿಗೆ ನೋಡಿ ಕೂಡಿಸ್ರಿ.

ಹಲಗಿ_ಸ್ಯಾಂಪಲ್ · ಹುಬ್ಬಳ್ಳಿ

ಸ್ಯಾಂಪ್ಲರ್ (ಸದ್ದು ಹಿಡಿದು ಹೊಳ್ಳಿ ನುಡಿಸೋದು) ಬಗ್ಗೆ ಯಾರೂ ಹೇಳಲಿಲ್ಲಲ್ರಿ. ಟೀನೇಜ್ ಇಂಜಿನಿಯರಿಂಗಿನ ಪಾಕೆಟ್ ಆಪರೇಟರ್ ಪಿಓ-33 ಈ ಬಜೆಟಿನ್ಯಾಗ ಕುಂದ್ರತೈತಿ. ಒಳಗ ಮೈಕ್ ಐತಿ, ಹದಿನಾರು ಮನಿ: ಎಂಟು ಸ್ವರಕ್ಕ, ಎಂಟು ಬಡಿತಕ್ಕ. ಎರಡು ಎಎಎ ಸೆಲ್. ಒಟ್ಟು ನೆನಪು 40 ಸೆಕೆಂಡ್ ಅಷ್ಟ, ಅದ ಅದರ ಗುಣ. ಹಲಗಿ, ಚೌಡಕಿ, ರೊಟ್ಟಿ ಬಡಿಯೋ ಸಪ್ಪಳ, ಯಾವುದರೆ ಹಿಡೀರಿ, ಒಂದೂವರಿ ಸೆಕೆಂಡಿಗಿಂತ ಉದ್ದ ಹಿಡಿಯಬ್ಯಾಡ್ರಿ. ಮನಿಗೆ ಎರಡೂವರಿ ಸೆಕೆಂಡಿನಂಗ ಹದಿನಾರು ಮನಿ ತುಂಬಿದರ 40 ಮುಗೀತು, ಮುಂದ ನಡು ಕಾರ್ಯಕ್ರಮದಾಗ ಹೊಸದು ಹಿಡಿಯಾಕ ಜಾಗಾನೇ ಇರಂಗಿಲ್ಲ. ಕುಂತಲ್ಲೇ ತಬಲಾದ ಒಂದು ತಿಹಾಯಿ (ಮೂರು ಸಲ ಬಾರಿಸಿ ಸಮ್ಮಿಗೆ ಬರೋದು) ಕದ್ದು ಅವರಿಗೇ ಹೊಳ್ಳಿ ಕೇಳಸೋದರಾಗ ಇರೋ ಮಜಾಕ್ಕ ಜಾಗಾ ಬೇಕಲ್ರಿ! ಎರಡು ಮನಿ ಖಾಲಿ ಬಿಡ್ರಿ.

ಹಲಗಿ ಹಿಡಿಯೋವಾಗ ಎರಡು ಮಾರು ದೂರ ನಿಲ್ರಿ. ಸಮೀಪ ಹಿಡಿದರ ಮೊದಲ ಪೆಟ್ಟು ಹರದು ಬರತೈತಿ, ಹರದದ್ದನ್ನ ಆಮ್ಯಾಲ ವಾಲ್ಯೂಮ್ ಇಳಿಸಿ ಹೊಲಿಯಾಕ ಬರಂಗಿಲ್ಲ.

ವೋಲ್ಕಾ ಜೋಡಿ ಹೆಣಿಯೋದಿದ್ದರ: ವೋಲ್ಕಾದ ಸಿಂಕ್ (ಲಯ ಕೂಡಿಸೋ) ಔಟಿನಿಂದ ಪಿಓ ಇನ್‌ಗೆ ವೈರ್, ಪಿಓದಾಗ ಸಿಂಕ್ ಮೋಡ್ ಎಸ್‌ವೈ2. ಎರಡು ಪಿಓ ಹೆಣದರ ಮೊದಲನೇದಕ್ಕ ಎಸ್‌ವೈ1, ಕಡೀದಕ್ಕ ಎಸ್‌ವೈ4. ಮೋಡ್ ತಪ್ಪಿದರ ಒಂದು ಕಡೆ ಸ್ಪೀಕರಿನ್ಯಾಗ ಟಿಕ್ ಟಿಕ್ ಟಿಕ್ ಅಂತ ಬಡೀತೈತಿ, ಅದು ಸಿಂಕಿನ ಪಲ್ಸ್, ಮಷೀನ್ ಕೆಟ್ಟಿಲ್ಲ. ಮತ್ತ ಈ ಪಲ್ಸಿಗೆ ಸಮ್ ಎಲ್ಲೈತಿ ಅನ್ನೋದು ಗೊತ್ತಿಲ್ಲ, ಬರೇ "ಮುಂದ ನಡಿ" ಅಂತೈತಿ. ನಡುವ ವೈರ್ ಹಾಕಿದರ ಎರಡೂ ಒಂದ ಲಯದಾಗ, ಬ್ಯಾರೆ ಬ್ಯಾರೆ ಸಮ್ಮಿನ್ಯಾಗ ಓಡತಾವ. ಎರಡೂ ನಿಲ್ಲಸ್ರಿ, ಹಿಂದ ಬರೋದರದು ಮೊದಲ ಪ್ಲೇ ಒತ್ತಿಡ್ರಿ, ಆಮ್ಯಾಲ ಮುಂದ ನಡಸೋದರದು.

ಬೆಸುಗೆ_ಗದಗ

15 ಸಾವಿರ ಅಂತ ಎಲ್ಲಾರೂ ಕುಂತೀರಿ, ಒಂದು ಚಹಾ-ಮಿರ್ಚಿ ಖರ್ಚಿನ್ಯಾಗ ಬರೋದನ್ನ ಬಿಟ್ಟೀರಿ. 27 ಮಿಲಿಮೀಟರಿನ ಪೀಜೋ ಬಿಲ್ಲೆ, ಅಂದರ ಅಲುಗಾಟ ಹಿಡಿಯೋ ಸಣ್ಣ ಮೈಕ್ ಇದ್ದಂಗ. ಹಿತ್ತಾಳಿ ತಟ್ಟಿ, ನಡುವ ಬೆಳ್ಳಗಿನ ಸೆರಾಮಿಕ್. ರೇಡಿಯೋ ಬಿಡಿಭಾಗ ಮಾರೋ ಅಂಗಡ್ಯಾಗ ಕೇಳ್ರಿ. ಶೀಲ್ಡ್ ಇರೋ ವೈರ್ ತಗೊಂಡು ಒಳಗಿನ ಎಳಿ ಬೆಳ್ಳಗಿನ ನಡುಭಾಗಕ್ಕ, ಹೊರಗಿನ ಜಾಳಿಗಿ ಹಿತ್ತಾಳಿಗೆ ಬೆಸೀರಿ. ನಡುಭಾಗಕ್ಕ ಕಾವು ಎರಡು ಸೆಕೆಂಡಿನ ಮ್ಯಾಲ ಕೊಡಬ್ಯಾಡ್ರಿ, ಬೆಳ್ಳಿ ಲೇಪ ಎದ್ದು ಬರತೈತಿ, ಆ ಬಿಲ್ಲೆ ಒಗಿಯೋದ. ರೊಟ್ಟಿ ಹಂಚಿನ ಹಿಂದ ಎರಡು ಮುಖದ ಟೇಪಿಂದ ಗಟ್ಟಿಯಾಗಿ ಅಂಟಿಸ್ರಿ. ಉಗುರಿಂದ ಕೆರದರ, ಕಡಾಯಿ ಉಜ್ಜೋ ಬ್ರಷ್ ಎಳದರ, ಹಂಚಿನ ಅಂಚಿಗೆ ಬಿಲ್ಲು ಹಚ್ಚಿದರ ಏನೇನು ಬರತೈತಿ ಅದನ್ನ ಬರದು ಹೇಳಾಕ ಆಗಂಗಿಲ್ಲ. ಮಾನೋಟ್ರಾನಿನ ಡಿಲೇಗೆ ಅದನ್ನ ಕೊಡ್ರಿ.

ನೇರ ಕೊಟ್ಟರ ಮಾತ್ರ ಬರೇ ಚಿಟಿಚಿಟಿ, ದಪ್ಪ ಸದ್ದು ಇಲ್ಲ ಅಂತೀರಿ. ಕಾರಣ: ಬಿಲ್ಲೆ ಸುಮಾರು 20 ನ್ಯಾನೋಫ್ಯಾರಡಿನ ಕೆಪಾಸಿಟರ್ ಇದ್ದಂಗ. ಸಾದಾ ಲೈನ್ ಇನ್‌ಪುಟ್ 10 ಕಿಲೋಓಮ್ ಇದ್ದರ ಎರಡೂ ಕೂಡಿ 800 ಹರ್ಟ್ಸಿನ ಕೆಳಗಿನದನ್ನ ಸೋಸಿಬಿಡತಾವ. ಅದ 1 ಮೆಗಾಓಮ್ ಇನ್‌ಪುಟ್‌ಗೆ ಕೊಟ್ಟರ ಸೋಸೋದು 8 ಹರ್ಟ್ಸಿಗೆ ಇಳೀತೈತಿ, ಅಂದರ ಎಲ್ಲಾ ಬರತೈತಿ. ಗಿಟಾರಿಗೆ ಅಂತ ಮಾಡಿದ ಹೈ-ಝಡ್ (ಹೆಚ್ಚು ಓಮಿನ) ತೂತು ಹುಡುಕ್ರಿ, ಇಲ್ಲಾಂದ್ರ ನಡುವ ಒಂದು ಸಣ್ಣ ಗಿಟಾರ್ ಪೆಡಲ್ ಹಾಕ್ರಿ, ಬಫರ್ ಇರೋದು (ಲ್ಯಾಪ್‌ಟಾಪಿನ ಬಫರ್ ಅಲ್ಲ, ಹೈ-ಝಡ್ ಸದ್ದನ್ನ ಲೈನಿಗೆ ಹೊಂದಿಸೋ ಸರ್ಕಿಟ್).

ಸಿಂಥೂ ಮನ್ಯಾಗ ಆಗತೈತಿ. ಸಿಡಿ40106 ಒಂದು ಐಸಿ, ಒಳಗ ಆರು ಇನ್ವರ್ಟರ್ (ಸಿಗ್ನಲ್ ಉಲ್ಟಾ ಮಾಡೋವು), ಅಂದರ ಆರು ಸ್ವರ. 14ನೇ ಕಾಲಿಗೆ 9 ವೋಲ್ಟ್ ಬ್ಯಾಟರಿ ಪ್ಲಸ್, 7ಕ್ಕ ಮೈನಸ್. 1ನೇ ಕಾಲಿಂದ ಮೈನಸ್ಸಿಗೆ 104 ಅಂತ ಬರದ ಕೆಪಾಸಿಟರ್, 1ರಿಂದ 2ಕ್ಕ 10 ಕಿಲೋಓಮ್ ರೆಸಿಸ್ಟರ್ ಮತ್ತ 1 ಮೆಗಾಓಮ್ ಪಾಟ್ (ತಿರುಗಿಸೋ ರೆಸಿಸ್ಟರ್) ಸಾಲಾಗಿ. 2ನೇ ಕಾಲಿನ್ಯಾಗ ಸದ್ದು. ಪಾಟ್ 100 ಕಿಲೋ ಆಸುಪಾಸು ಇದ್ದಾಗ ಸುಮಾರು 100 ಹರ್ಟ್ಸ್, ಪೂರಾ ಏರಿಸಿದರ ಸೆಕೆಂಡಿಗೆ ಹತ್ತು ಸಲ ಟಕಟಕ. 3-4, 5-6ಕ್ಕ ಇನ್ನೆರಡು ಮಾಡ್ರಿ, ಉಳದ 9, 11, 13ನೇ ಕಾಲು ಮೈನಸ್ಸಿಗೆ ಕಟ್ಟರಿ, ಗಾಳ್ಯಾಗ ಬಿಟ್ಟರ ಐಸಿ ಹುಚ್ಚುಹುಚ್ಚಾಗಿ ಓಡತೈತಿ. ಇನ್ನೊಂದು 104 ಕೆಪಾಸಿಟರ್ 14ಕ್ಕೂ 7ಕ್ಕೂ ನಡುವ, ಐಸಿಗೆ ಹತ್ತಿ. ಹೊರಗ ಬರೋದು 9 ವೋಲ್ಟಿನ ಚೌಕ ಅಲೆ, ಮಿಕ್ಸರಿಗೆ ಅದು ಡೋಸ್ ಹೆಚ್ಚು. 100 ಕಿಲೋ ಸಾಲಾಗಿ, ಆಮ್ಯಾಲ 10 ಕಿಲೋ ಮೈನಸ್ಸಿಗೆ ಹಾಕಿ ನಡುವಿಂದ ತಗದರ 0.8 ವೋಲ್ಟಿಗೆ ಬರತೈತಿ.

ಅಂಗಡ್ಯಾಗ "40106 ಇಲ್ರಿ, 74ಎಚ್‌ಸಿ14 ಅದ ಕೆಲಸ ಮಾಡತೈತಿ" ಅಂತಾರ. ಕಾಲು ಅವ, ಕೆಲಸಾನೂ ಅದ, ಆದರ ಅದು ತಡಿಯೋದು 6 ವೋಲ್ಟ್. 9 ವೋಲ್ಟ್ ಕೊಟ್ಟರ ಒಮ್ಮೆಲೆ ಬಿಸಿ ಆಗಿ ಸಾಯತೈತಿ. ಅದ ಸಿಕ್ಕರ ಮೂರು ಎಎ ಸೆಲ್ ಹಾಕ್ರಿ, 4.5 ವೋಲ್ಟಿಗೆ ಆರಾಮ ನಡೀತೈತಿ.

ಶ್ರುತಿ ಮಾತ್ರ ಕೇಳಬ್ಯಾಡ್ರಿ. ಬ್ಯಾಟರಿ ಇಳದಂಗ ಸ್ವರಾನೂ ಸರಿಯತೈತಿ. ಸ್ವರಾಂತರ ಸರ್ ದೂರ ಕುಂತಿರಲಿ.

ಸ್ವರಾಂತರ · ಧಾರವಾಡ

ದೂರವೇ ಇರುತ್ತೇನೆ. ಆದರೆ ಹಂಚಿನ ಮೇಲೆ ಪೀಜೋ, ಅದು ಶ್ರುತಿಯ ಹಂಗಿಲ್ಲದ ಸದ್ದು. ಇವರಿಗೆ ಅದೇ ಸೂಕ್ತ ಎನಿಸುತ್ತದೆ.

ಕರಿ_ಒಂದು · ಧಾರವಾಡ

ಹಂಗಾರ ಪಟ್ಟಿ ಹಿಂಗ ಆತು: ಮಾನೋಟ್ರಾನ್ ಡಿಲೇ, ಪೀಜೋ ಎರಡು, ಬಫರ್ ಪೆಡಲ್ ಒಂದು, 3.5ರಿಂದ ಎರಡು ಮೋನೋ ವೈರ್, ಲ್ಯಾಪ್‌ಟಾಪಿಗೆ ಸರ್ಜ್. ರೊಕ್ಕ ಉಳದರ ಪಿಓ-33. ವೋಲ್ಕಾ ಮುಂದಿನ ವರ್ಷ, ಸೆಕೆಂಡ್ ಹ್ಯಾಂಡ್ ಸಿಕ್ಕರ. ಅದಕ್ಕ ಏನು ನೋಡಿ ತಗೋಬೇಕ್ರಿ ಸರ? ಮತ್ತ ಅಭ್ಯಾಸ ಎಲ್ಲಿಂದ ಸುರು ಮಾಡೋದು?

ಹದಿನಾರು_ಮಾತ್ರೆ · ಧಾರವಾಡ

ಸೆಲ್ ಮನೆಯ ಮುಚ್ಚಳ ತೆಗೆಸಿ ನೋಡಿ. ಸ್ಪ್ರಿಂಗಿನ ಮೇಲೆ ಹಸಿರು ಅಥವಾ ಬಿಳಿ ಪುಡಿ ಇದ್ದರೆ ಸೆಲ್ ಸೋರಿದೆ, ಬಿಟ್ಟುಬಿಡಿ. 27 ಕೀಲಿಯನ್ನೂ ಒಂದೊಂದಾಗಿ ಮುಟ್ಟಿ, ಪ್ರತಿ ನಾಬನ್ನೂ ಸದ್ದು ಇರುವಾಗಲೇ ನಿಧಾನ ತಿರುಗಿಸಿ. ಕರಕರ ಎಂದರೆ ಧೂಳು, ಹೋಗುತ್ತದೆ. ಸದ್ದು ಜಿಗಿದರೆ ಪಾಟ್ ಸವೆದಿದೆ. ಸಿಂಕ್ ಔಟ್ ಮರೆಯದೆ ನೋಡಿ.

ಅಭ್ಯಾಸಕ್ಕೆ ಝಪ್‌ತಾಲ್ ಒಳ್ಳೆಯದು, ಹತ್ತು ಮಾತ್ರೆಯಲ್ಲಿ ಸೋಮಾರಿ ಕೈಗೆ ಜಾಗ ಇಲ್ಲ. ತಬಲಜಿ ಬರೀ ಠೇಕಾ ಹಿಡಿಯಲಿ. ಒಂದು ಆವರ್ತನಕ್ಕೆ ಒಂದೇ ನಾಬ್ ಮುಟ್ಟುವುದು, ಸಮ್ ಬರುವಷ್ಟರಲ್ಲಿ ಅದನ್ನು ಟಿಕಳಿಗೆ ತಂದು ಬಿಡುವುದು. ಹತ್ತು ನಿಮಿಷ ಅಷ್ಟೇ. ಆರನೇ ಮಾತ್ರೆಗೆ ಖಾಲಿ (ಚಪ್ಪಾಳೆ ಇಲ್ಲದ ಭಾಗ) ಬರುತ್ತದಲ್ಲ, ಅಲ್ಲಿಂದಲೇ ವಾಪಸ್ ತಿರುಗಲು ಸುರು ಮಾಡಿದರೆ ಸಮ್‌ಗೆ ಸರಿಯಾಗಿ ಮುಟ್ಟುತ್ತೀರಿ. ಎಂಟಕ್ಕೆ ನೆನಪಾದರೆ ತಡ.

ಮೈಕ್‌ಸೆಟ್_ಹಾವೇರಿ

ಪಟ್ಟಿ ಛಲೋ ಐತ್ರಿ. ಒಂದ ಸೇರಿಸ್ರಿ, ವೈರು ಎರಡು ಜೋಡಿ, ಒಂದು ಕಿಸೆದಾಗ. ಹಚ್ಚೋವಾಗ ಮಷೀನ್ ಮೊದಲ, ಆಮ್ಯಾಲ ಮಿಕ್ಸರ್, ಸ್ಪೀಕರ್ ಕಡೀಕ. ಆರಿಸೋವಾಗ ಸ್ಪೀಕರ್ ಮೊದಲ. ಮಾನೋಟ್ರಾನ್ ಆಫ್ ಮಾಡಿದಾಗ ಧಡ್ ಅಂತೈತಿ, ಸ್ಪೀಕರ್ ಹಚ್ಚೇ ಇದ್ದರ ಮುಂದಿನ ಸಾಲಿನ್ಯಾಗ ಕುಂತ ಅಜ್ಜಾರು ಬೆಚ್ಚತಾರ.